ಸಹಿ ಕೇಳುವ ಮುನ್ನ, ಮಾರುವ ಮುನ್ನ: ಹಸ್ತಾಕ್ಷರ ಸಂಗ್ರಹಕಾರರಿಗೊಂದು ಕೈಪಿಡಿ

ಹಸ್ತಾಕ್ಷರ ಸಂಗ್ರಹದ ಹವ್ಯಾಸ ಹಚ್ಚಿಕೊಂಡ ತರುಣರು ಶಿರಸಿ, ಅಂಕೋಲಾ, ಕಾರವಾರದ ಕಡೆಯಿಂದ ಆಗಾಗ ಕುಮಟೆಯ ನಮ್ಮ ಮನೆಗೆ ಬರುತ್ತಾರೆ. ಮೂವತ್ತು ವರ್ಷಗಳಲ್ಲಿ ಕೂಡಿಸಿದ ಕಡತಗಳನ್ನೆಲ್ಲ ನೋಡಿದ ಮೇಲೆ ಅವರು ಕೇಳುವ ಪ್ರಶ್ನೆ ಬಹುತೇಕ ಒಂದೇ: ಹೀಗೆ ಪಡೆದ ಸಹಿಯನ್ನು ಮಾರಬಹುದೇ? ಮಾರಬಹುದು ಎಂದೇ ನನ್ನ ಉತ್ತರ. ಆದರೆ ಮಾರುವ ಹಕ್ಕು ಮಾರುವ ದಿನ ಹುಟ್ಟುವುದಿಲ್ಲ. ಸಹಿ ಕೇಳಿದ ಗಳಿಗೆಯಲ್ಲಿ ನಾವು ಏನನ್ನು ಹೇಳಿದೆವು, ಏನನ್ನು ಹೇಳದೆ ಮುಚ್ಚಿಟ್ಟುಕೊಂಡೆವು ಎಂಬುದರ ಮೇಲೆ ಅದು ನಿಂತಿರುತ್ತದೆ. ಆದ್ದರಿಂದ ಇಲ್ಲಿ ಕೇಳುವ ಕ್ರಮಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಬೆಲೆಯ ವಿಚಾರಕ್ಕೆ ಕಡಿಮೆ.

ಮನೆಯಲ್ಲೇ ತೀರ್ಮಾನಿಸಿ ಹೊರಡಿ

ಕಾರವಾರದ ಕಡಲತೀರದ ಉತ್ಸವಕ್ಕಾಗಲಿ, ಬನವಾಸಿಯ ಕದಂಬೋತ್ಸವಕ್ಕಾಗಲಿ, ಊರಿನ ಪುಸ್ತಕ ಬಿಡುಗಡೆಗಾಗಲಿ ಹೊರಡುವ ಮೊದಲು, ಪಡೆಯಲಿರುವ ಸಹಿ ನಿಮಗಾಗಿಯೋ, ಮತ್ತೊಬ್ಬರಿಗೆ ಉಡುಗೊರೆಯಾಗಿಯೋ, ಮಾರಾಟಕ್ಕೋ ಎಂಬುದನ್ನು ನಿಶ್ಚಯಿಸಿಕೊಳ್ಳಿ. ನಿಮಗಾಗಿ ಎಂದಾದರೆ ನಿಮ್ಮ ಹೆಸರನ್ನು ಬರೆಸಿಕೊಂಡೇ ಸಹಿ ಹಾಕಿಸಿಕೊಳ್ಳಿ. ಹೆಸರು ಬರೆದ ಪ್ರತಿಗೆ ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಬೆಲೆ ಇಳಿಯುವುದರಿಂದ ವ್ಯಾಪಾರಕ್ಕಾಗಿ ಬಂದವರು ‘ಬರೀ ಸಹಿ ಸಾಕು’ ಎನ್ನುತ್ತಾರೆ. ಇದು ತಿಳಿದಿರುವ ಕಲಾವಿದರು ಬೇಕೆಂದೇ ಹೆಸರು ಕೇಳಿ ಬರೆಯುತ್ತಾರೆ. ಅವರು ಹೆಸರು ಕೇಳಿದಾಗ ತಡವರಿಸದೆ ಹೇಳುವುದು ನಿಮ್ಮ ಪ್ರಾಮಾಣಿಕತೆಗೆ ಸಾಕ್ಷಿಯಾಗುತ್ತದೆ.

ಮಾರಾಟಕ್ಕೆ ಎಂದಾದರೆ ಅದನ್ನು ಬಾಯಿಬಿಟ್ಟು ಹೇಳಬೇಕು. ‘ನಾನು ಸಂಗ್ರಹದ ಜೊತೆ ವ್ಯಾಪಾರವನ್ನೂ ಮಾಡುತ್ತೇನೆ, ಇದನ್ನು ಮುಂದೆ ಮಾರಬಹುದು, ತಮ್ಮ ಒಪ್ಪಿಗೆ ಇದೆಯೇ?’ ಎಂದು ಕೇಳಿದರೆ ಕೆಲವರು ಬೇಡವೆನ್ನುತ್ತಾರೆ, ಹಲವರು ಒಪ್ಪುತ್ತಾರೆ, ಕೆಲವರು ಯಾವುದಾದರೂ ಒಳ್ಳೆಯ ಕೆಲಸಕ್ಕೆ ಇಂತಿಷ್ಟು ಕೊಡಿ ಎಂದು ಸೂಚಿಸುತ್ತಾರೆ. ಈ ಕೊನೆಯ ಪದ್ಧತಿಗೆ ನಮ್ಮ ದೇಶದಲ್ಲಿ ಒಳ್ಳೆಯ ಮೇಲ್ಪಂಕ್ತಿಯೇ ಇದೆ. ಗಾಂಧೀಜಿ ಹರಿಜನ ನಿಧಿಗಾಗಿ ಒಂದು ಸಹಿಗೆ 5 ರೂಪಾಯಿ ಪಡೆಯುತ್ತಿದ್ದರು. 1934ರ ಹರಿಜನ ಪ್ರವಾಸದಲ್ಲಿ ಅವರು ನಮ್ಮ ಉತ್ತರ ಕನ್ನಡ ಜಿಲ್ಲೆಗೂ ಬಂದಿದ್ದರು. ಅಂದಿನ ಲೆಕ್ಕದಲ್ಲಿ 5 ರೂಪಾಯಿ ಸಣ್ಣ ಮೊತ್ತವಲ್ಲ. ಸಹಿಗೆ ಬೆಲೆ ಕಟ್ಟುವುದನ್ನೇ ಕೀಳೆಂದು ಅವರು ಭಾವಿಸಲಿಲ್ಲ ಎಂಬುದನ್ನೂ, ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಕೊಡುವವನಿಗೆ ಮೊದಲೇ ತಿಳಿದಿರುತ್ತಿತ್ತು ಎಂಬುದನ್ನೂ ಗಮನಿಸಬೇಕು.

ಉದ್ದೇಶವನ್ನು ಮುಚ್ಚಿಟ್ಟು ಕೇಳುವುದರಿಂದ ಆಗುವ ಹಾನಿ ಒಬ್ಬರಿಗೆ ಮುಗಿಯುವುದಿಲ್ಲ. ಚಂದ್ರನ ಮೇಲೆ ಮೊದಲು ಕಾಲಿಟ್ಟ ನೀಲ್ ಆರ್ಮ್‌ಸ್ಟ್ರಾಂಗ್ ಕೇಳಿದವರಿಗೆಲ್ಲ ಸಹಿ ಹಾಕಿಕೊಡುತ್ತಿದ್ದವರು. ಆ ಸಹಿಗಳು ದೊಡ್ಡ ಬೆಲೆಗೆ ಬಿಕರಿಯಾಗುತ್ತಿವೆ, ನಕಲಿಗಳೂ ಹರಿದಾಡುತ್ತಿವೆ ಎಂದು ತಿಳಿದ ಮೇಲೆ 1994ರ ಸುಮಾರಿಗೆ ಅವರು ಸಹಿ ಹಾಕುವುದನ್ನೇ ನಿಲ್ಲಿಸಿದರು. ಅಲ್ಲಿಂದ ಮುಂದೆ ಆಸೆಯಿಂದ ಕಾಗದ ಬರೆದ ಶಾಲಾ ಮಕ್ಕಳಿಗೂ ಅದು ಸಿಗಲಿಲ್ಲ. ವ್ಯಾಪಾರಿಗಳ ಮರೆಮಾಚುವಿಕೆಗೆ ದಂಡ ತೆತ್ತವರು ಆ ಮಕ್ಕಳು.

ಈ ತಪ್ಪನ್ನು ನಾನೂ ಒಮ್ಮೆ ಮಾಡಿದ್ದೇನೆ. ಹಣದ ಅಡಚಣೆಯಿದ್ದ ಒಂದು ಮಳೆಗಾಲದಲ್ಲಿ, ಹಿರಿಯ ಲೇಖಕರೊಬ್ಬರು ನನ್ನ ಹೆಸರು ಬರೆದು, ಎರಡು ಸಾಲು ಹಾರೈಕೆಯನ್ನೂ ಸೇರಿಸಿ ಕೊಟ್ಟಿದ್ದ ಪುಸ್ತಕವನ್ನು ಪರ ಊರಿನ ಹಳೆ ಪುಸ್ತಕದ ವ್ಯಾಪಾರಿಯೊಬ್ಬರಿಗೆ ಮಾರಿದೆ. ಕೆಲವು ತಿಂಗಳ ನಂತರ ಆ ಲೇಖಕರ ಸ್ನೇಹಿತರೊಬ್ಬರು ಅದನ್ನು ಅಂಗಡಿಯಲ್ಲಿ ಕಂಡು ಕೊಂಡುಕೊಂಡು ಅವರಿಗೇ ತಲುಪಿಸಿದರು. ಲೇಖಕರು ನನಗೆ ಬೈಯಲಿಲ್ಲ. ಪುಸ್ತಕವನ್ನು ಅಂಚೆಯಲ್ಲಿ ನನ್ನ ವಿಳಾಸಕ್ಕೆ ಮರಳಿ ಕಳಿಸಿದರು, ಒಳಗೆ ಬೇರೆ ಯಾವ ಮಾತನ್ನೂ ಬರೆಯದೆ. ಆ ಪುಸ್ತಕ ಈಗಲೂ ನನ್ನ ಕಪಾಟಿನಲ್ಲಿದೆ. ಹೆಸರು ಬರೆದು ಕೊಟ್ಟ ಪ್ರತಿಯನ್ನು ಕೊಟ್ಟವರು ಬದುಕಿರುವವರೆಗೆ ಮಾರಬಾರದು, ಮಾರಲೇಬೇಕಾದ ಸ್ಥಿತಿ ಬಂದರೆ ಮೊದಲು ಅವರಿಗೆ ತಿಳಿಸಬೇಕು ಎಂಬ ನಿಯಮವನ್ನು ಅಂದಿನಿಂದ ಪಾಲಿಸುತ್ತ ಬಂದಿದ್ದೇನೆ. ಹೆಸರಿರುವ ಭಾಗವನ್ನು ಕತ್ತರಿಸಿ ಅಥವಾ ಉಜ್ಜಿ ಅಳಿಸಿ ಮಾರುವುದಂತೂ ಕೊಟ್ಟವರಿಗೂ ಕೊಳ್ಳುವವರಿಗೂ ಒಟ್ಟಿಗೆ ಬಗೆಯುವ ದ್ರೋಹ.

ಚೌಕಿಯಲ್ಲಿ, ವೇದಿಕೆಯಲ್ಲಿ, ಮನೆಬಾಗಿಲಲ್ಲಿ

ನಮ್ಮ ಜಿಲ್ಲೆಯಲ್ಲಿ ಹಸ್ತಾಕ್ಷರ ಎಂದರೆ ಸಿನಿಮಾ ನಟರದ್ದೋ ಕ್ರಿಕೆಟ್ ಆಟಗಾರರದ್ದೋ ಮಾತ್ರವಲ್ಲ. ಯಕ್ಷಗಾನದ ಕಲಾವಿದರ ಸಹಿಗೆ ಇಲ್ಲಿ ಅದಕ್ಕಿಂತ ಹೆಚ್ಚಿನ ಪ್ರೀತಿಯಿದೆ. ಆದರೆ ಕಲಾವಿದರು ಬಣ್ಣ ಹಚ್ಚಿ ವೇಷ ಕಟ್ಟುವ ಚೌಕಿಗೆ ನುಗ್ಗಿ ಸಹಿ ಕೇಳುವವರಲ್ಲಿ ಅನೇಕರಿಗೆ ಚೌಕಿಯ ಶಿಸ್ತು ತಿಳಿದಿಲ್ಲ. ಮುಖಕ್ಕೆ ಬಣ್ಣ ಹಚ್ಚಿಕೊಳ್ಳುತ್ತಿರುವಾಗ, ಮುಂಡಾಸು ಕಟ್ಟುತ್ತಿರುವಾಗ, ಪ್ರವೇಶದ ಪದ್ಯ ಹತ್ತಿರವಾದಾಗ ಕಲಾವಿದರನ್ನು ಮಾತನಾಡಿಸಬೇಡಿ. ಕೈಗೆ ಬಣ್ಣ ಮೆತ್ತಿರುವ ಹೊತ್ತಿನಲ್ಲಿ ಸಿಕ್ಕ ಸಹಿ ಕಾಗದಕ್ಕೂ ಒಳ್ಳೆಯದಲ್ಲ. ಬಣ್ಣಕ್ಕೆ ಕೂರುವ ಮೊದಲು, ಅಥವಾ ಆಟ ಮುಗಿದು ಬಣ್ಣ ತೆಗೆದು ಚಾ ಕುಡಿಯುವ ಬಿಡುವಿನಲ್ಲಿ ಹೋಗಿ, ಒಂದೇ ಒಂದು ಕಾಗದವನ್ನು ಮುಂದಿಡಿ. ಹತ್ತು ಫೋಟೋಗಳ ಕಟ್ಟನ್ನು ಹಿಡಿದು ಹೋದವನ ಉದ್ದೇಶವನ್ನು ಕಲಾವಿದರು ಬೇಗ ಅರಿಯುತ್ತಾರೆ. ಬೇಡವೆನ್ನಲು ಸಂಕೋಚಪಟ್ಟು ಹಾಕಿಕೊಡುತ್ತಾರೆ ಅಷ್ಟೇ. ಸಂಕೋಚವನ್ನು ಒಪ್ಪಿಗೆಯೆಂದು ಎಣಿಸಬಾರದು. ಸ್ತ್ರೀವೇಷದ ಕಲಾವಿದರ ಸಹಿಯಿರಲಿ, ಹಾಸ್ಯಗಾರರ ಸಹಿಯಿರಲಿ, ಭಾಗವತರ ಸಹಿಯಿರಲಿ, ವೇಷದಲ್ಲಿರುವಾಗ ತೆಗೆದ ಫೋಟೋವನ್ನು ಮಾರಾಟಕ್ಕೆ ಬಳಸುವುದಾದರೆ ಅದಕ್ಕೆ ಬೇರೆಯಾಗಿಯೇ ಅನುಮತಿ ಕೇಳಬೇಕು, ಫೋಟೋ ತೆಗೆದವರನ್ನೂ ಕೇಳಬೇಕು.

ಖಾಲಿ ಹಾಳೆಯ ನಡುವೆ ಸಹಿ ಹಾಕಿಸಿಕೊಳ್ಳಬೇಡಿ. ಖಾಲಿ ಜಾಗದ ಮೇಲ್ಭಾಗದಲ್ಲಿ ಏನನ್ನಾದರೂ ಬರೆದು ದಸ್ತಾವೇಜು ಮಾಡಲು ಬರುತ್ತದೆ ಎಂಬ ಅಂಜಿಕೆ ವಯಸ್ಸಾದವರಲ್ಲಿ ಇರುತ್ತದೆ, ಆ ಅಂಜಿಕೆ ನ್ಯಾಯವಾದದ್ದೇ. ಕಾರ್ಯಕ್ರಮದ ಕರಪತ್ರ, ಪುಸ್ತಕದ ಮೊದಲ ಪುಟ, ಫೋಟೋದ ಅಂಚು ಇವು ಎಲ್ಲ ರೀತಿಯಲ್ಲೂ ಸುರಕ್ಷಿತ. ಜೊತೆಗೆ ಸ್ಥಳ ಮತ್ತು ದಿನಾಂಕಕ್ಕೆ ಅವೇ ಪುರಾವೆಯಾಗುತ್ತವೆ.

ಇನ್ನೊಂದು ಸೂಕ್ಷ್ಮದ ವಿಷಯವಿದೆ. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರಿಗೆ ಪದ್ಮಶ್ರೀ ಬಂದಾಗ ಇಡೀ ನಾಡು ಹೆಮ್ಮೆಪಟ್ಟಿತು. ಅವರು ಶಾಲೆಗೆ ಹೋದವರಲ್ಲ. ಕಾಡಿನ ಮರಗಿಡಗಳನ್ನೂ ಬೀಜಗಳನ್ನೂ ಅವರಷ್ಟು ತಿಳಿದವರು ವಿರಳವಾಗಿದ್ದರು. ನಮ್ಮ ಜಿಲ್ಲೆಯ ಜಾನಪದ ಗಾಯಕರಲ್ಲಿ, ನಾಟಿ ವೈದ್ಯರಲ್ಲಿ, ಕುಶಲಕರ್ಮಿಗಳಲ್ಲಿ ಅಕ್ಷರ ಕಲಿಯದ ದೊಡ್ಡವರು ಇನ್ನೂ ಇದ್ದಾರೆ. ಅವರ ಮುಂದೆ ಶಾಯಿಪ್ಯಾಡ್ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಹೋಗಬೇಡಿ. ಅದು ಅವರನ್ನು ಸಣ್ಣದಾಗಿಸುತ್ತದೆ. ಅದಲ್ಲದೆ ಪಡಿತರದಿಂದ ಬ್ಯಾಂಕಿನವರೆಗೆ ಬೆರಳಚ್ಚೇ ಗುರುತಾಗಿರುವ ಈ ಕಾಲದಲ್ಲಿ ಅಂಥ ಗುರುತನ್ನು ಸಂಗ್ರಹಿಸುವುದಾಗಲಿ ಮಾರುವುದಾಗಲಿ ಅಪಾಯಕಾರಿ. ನಿಮಗೆ ನೆನಪು ಬೇಕಿದ್ದರೆ ಅವರ ಒಪ್ಪಿಗೆಯಿಂದ ಹಾಡನ್ನೋ ಮಾತನ್ನೋ ಧ್ವನಿಮುದ್ರಿಸಿಕೊಳ್ಳಿ, ಮನೆಯವರಿಗೆ ಒಂದು ಪ್ರತಿ ಕೊಡಿ, ಮತ್ತು ಅದನ್ನು ಮಾರಾಟದ ವಸ್ತುವಾಗಿ ಎಣಿಸಬೇಡಿ.

ಮಕ್ಕಳನ್ನು ಮುಂದೆ ಬಿಟ್ಟು ಸಹಿ ತರಿಸಿ, ಅದನ್ನು ಮಾರುವ ಚಾಳಿ ಹೊರದೇಶಗಳಲ್ಲಿ ಬಹುಕಾಲದಿಂದ ಇದೆ, ನಮ್ಮಲ್ಲೂ ಹಬ್ಬುತ್ತಿದೆ. ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಮಾಡಬಾರದು.

ಅಂಚೆಯ ಮೂಲಕ ಕೇಳುವುದಾದರೆ ನಿಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗಿಡಿ, ಯಾಕೆ ಕೇಳುತ್ತಿದ್ದೀರಿ ಎಂದು ನಾಲ್ಕು ಸಾಲು ಕೈಯಾರೆ ಬರೆಯಿರಿ, ಉತ್ತರ ಬಾರದಿದ್ದರೆ ಮತ್ತೆ ಮತ್ತೆ ಬರೆದು ಪೀಡಿಸಬೇಡಿ.

ಅಸಲಿಯೇ ಎಂದು ನೋಡುವ ಬಗೆ

ನಕಲಿಯನ್ನು ತಿಳಿದೂ ಮಾರುವುದು ಮೋಸ ಎಂದು ಎಲ್ಲರೂ ಒಪ್ಪುತ್ತಾರೆ. ಪರೀಕ್ಷಿಸದೆ ಮಾರುವುದೂ ಅದರ ತಮ್ಮನೇ ಎಂಬುದನ್ನು ಒಪ್ಪುವವರು ಕಡಿಮೆ. ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಡ. ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ, ನೋಟು ಪರೀಕ್ಷಿಸುವ ನೇರಳಾತೀತ ಬೆಳಕಿನ ಸಣ್ಣ ಟಾರ್ಚು ಮತ್ತು ತಾಳ್ಮೆ ಸಾಕು.

ಮೊದಲು ಕಾಲವನ್ನು ಹೊಂದಿಸಿ ನೋಡಿ. ಯಕ್ಷಗಾನ ಕಲಾವಿದ ಕೆರೆಮನೆ ಶಂಭು ಹೆಗಡೆಯವರು ತೀರಿಕೊಂಡದ್ದು 2009ರ ಫೆಬ್ರುವರಿಯಲ್ಲಿ. ಅದರ ನಂತರ ಅಚ್ಚಾದ ಕರಪತ್ರದ ಮೇಲೆ ಅವರ ಸಹಿ ಇರಲು ಸಾಧ್ಯವಿಲ್ಲ. ಹೊನ್ನಾವರದ ಕಡೆಯವರಾದ ಶಂಕರನಾಗ್ ಅಗಲಿದ್ದು 1990ರ ಸೆಪ್ಟೆಂಬರ್ 30ರಂದು. ಜೆಲ್ ಪೆನ್ನು ನಮ್ಮೂರುಗಳ ಅಂಗಡಿಯಲ್ಲಿ ಸಾಮಾನ್ಯವಾದದ್ದು ಆಮೇಲೆ, ಹಾಗಾಗಿ ಜೆಲ್ ಶಾಯಿಯ ಅವರ ಸಹಿ ಎದುರಾದರೆ ಸಂಶಯಪಡಬೇಕು. ಬಾಲ್‌ಪೆನ್ನು ಜಗತ್ತಿನ ಮಾರುಕಟ್ಟೆಯಲ್ಲಿ ವ್ಯಾಪಕವಾದದ್ದು 1945ರ ನಂತರವಾದ್ದರಿಂದ, 1934ರ ಪ್ರವಾಸದಲ್ಲಿ ಗಾಂಧೀಜಿ ಹಾಕಿಕೊಟ್ಟದ್ದೆಂಬ ಬಾಲ್‌ಪೆನ್ನಿನ ಸಹಿಯನ್ನು ಮರುಮಾತಿಲ್ಲದೆ ಹಿಂದಿರುಗಿಸಬಹುದು. 1950ಕ್ಕಿಂತ ಮೊದಲಿನ ಕಾಗದದಲ್ಲಿ ಹೊಳಪು ಕೊಡುವ ರಾಸಾಯನಿಕ ಸಾಮಾನ್ಯವಾಗಿ ಇರುವುದಿಲ್ಲ; ನೇರಳಾತೀತ ಬೆಳಕಿನಲ್ಲಿ ಕಾಗದ ನೀಲಿಯಾಗಿ ಝಗ್ಗನೆ ಹೊಳೆದರೆ ಅದು ಈಚಿನದು.

ಕುಟುಂಬದ ಕಥೆಗಳನ್ನೂ ಹೀಗೆಯೇ ತೂಗಿ ನೋಡಬೇಕು. ರವೀಂದ್ರನಾಥ ಟ್ಯಾಗೋರರ ಹೆಸರನ್ನು ಕಾರವಾರದ ಕಡಲತೀರಕ್ಕೇ ಇಟ್ಟಿರುವುದರಿಂದ ‘ನಮ್ಮ ಅಜ್ಜ ಇಲ್ಲೇ ಅವರಿಂದ ಸಹಿ ಪಡೆದಿದ್ದರು’ ಎಂಬ ಮಾತಿನ ಜೊತೆ ಕಾಗದ ತೋರಿಸಿದರೆ ನಂಬುವ ಮನಸ್ಸಾಗುತ್ತದೆ. ಅವರು ಇಲ್ಲಿದ್ದದ್ದು 1880ರ ದಶಕದ ಆರಂಭದಲ್ಲಿ, ಅಣ್ಣ ಸತ್ಯೇಂದ್ರನಾಥರು ಜಿಲ್ಲಾ ನ್ಯಾಯಾಧೀಶರಾಗಿದ್ದಾಗ. ಆಗ ಅವರು ಇಪ್ಪತ್ತರ ಆಸುಪಾಸಿನ ತರುಣ. ನೊಬೆಲ್ ಬಂದದ್ದು 1913ರಲ್ಲಿ. ಕಾರವಾರಕ್ಕೆ ಬಂದ ಆ ಅಪರಿಚಿತ ತರುಣನ ಮುಂದೆ ಹಸ್ತಾಕ್ಷರದ ಪುಸ್ತಕ ಹಿಡಿದವರು ಯಾರಿದ್ದಾರು, ಅಜ್ಜನ ವಯಸ್ಸು ಆಗ ಎಷ್ಟಿದ್ದೀತು ಎಂದು ಕೇಳಿಕೊಂಡರೆ ಕಥೆ ತಾನೇ ಸಡಿಲಾಗುತ್ತದೆ. ಹೀಗೆ ಕೇಳುವುದು ಆ ಮನೆಯವರನ್ನು ಸುಳ್ಳುಗಾರರೆಂದು ಕರೆದಂತಲ್ಲ. ಒಳ್ಳೆಯ ನಂಬಿಕೆಯಿಂದಲೇ ತಪ್ಪು ಕಥೆಗಳು ಮನೆತನದಲ್ಲಿ ಇಳಿದು ಬರುತ್ತವೆ.

ಮುದ್ರಿತ ಸಹಿಯನ್ನು ಗುರುತಿಸುವುದು ಸುಲಭ. ಅಭಿಮಾನಿಗಳಿಗೆ ಅಂಚೆಯಲ್ಲಿ ಬರುತ್ತಿದ್ದ ನಟರ ಫೋಟೋಗಳಲ್ಲಿ ಸಹಿ ಅಚ್ಚಾಗಿಯೇ ಇರುವುದುಂಟು. ಭೂತಕನ್ನಡಿಯಲ್ಲಿ ಅದು ಸಣ್ಣ ಚುಕ್ಕಿಗಳಾಗಿ ಒಡೆದು ಕಾಣುತ್ತದೆ, ಓರೆ ಬೆಳಕಿನಲ್ಲಿ ಪೆನ್ನು ಊರಿದ ಗೆರೆ ಕಾಣುವುದಿಲ್ಲ. ಯಂತ್ರದ ಸಹಿ ಇದಕ್ಕಿಂತ ಕಠಿಣ. ನಿಜವಾದ ಪೆನ್ನಿನಿಂದಲೇ ಯಂತ್ರ ಬರೆಯುವುದರಿಂದ ಶಾಯಿ ಅಸಲಿಯಾಗಿರುತ್ತದೆ, ಆದರೆ ಒತ್ತಡ ಆದಿಯಿಂದ ಅಂತ್ಯದವರೆಗೆ ಒಂದೇ ಸಮವಾಗಿರುತ್ತದೆ, ಗೆರೆಯ ಎರಡು ತುದಿಗಳಲ್ಲಿ ಶಾಯಿಯ ಸಣ್ಣ ಬೊಟ್ಟು ಉಳಿಯಬಹುದು, ಎರಡು ಪ್ರತಿಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣದೆ ಹೊಂದುತ್ತವೆ. ಮನುಷ್ಯನ ಕೈ ಎರಡು ಸಲ ಹಾಗೆ ಬರೆಯಲಾರದು. 2022ರಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಪುಸ್ತಕದ ‘ಕೈಯಾರೆ ಸಹಿ ಮಾಡಿದ’ ಪ್ರತಿಗಳನ್ನು ಸುಮಾರು 600 ಡಾಲರಿಗೆ ಕೊಂಡ ಓದುಗರು ತಮ್ಮ ಪ್ರತಿಗಳನ್ನು ಹೀಗೆ ಹೋಲಿಸಿ ನೋಡಿಯೇ ಮೋಸವನ್ನು ಹೊರಗೆಳೆದರು. ಪ್ರಕಾಶಕರು ಹಣ ಹಿಂದಿರುಗಿಸಿದರು, ಡಿಲನ್ ಬಹಿರಂಗವಾಗಿ ಕ್ಷಮೆ ಕೇಳಿದರು.

ಪ್ರಮಾಣಪತ್ರವೊಂದು ಜೊತೆಗಿದ್ದ ಮಾತ್ರಕ್ಕೆ ಸಹಿ ಅಸಲಿಯಾಗುವುದಿಲ್ಲ. 1990ರ ದಶಕದ ಕೊನೆಯಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಹೆಸರಿನಲ್ಲಿ ನಡೆಸಿದ ಕಾರ್ಯಾಚರಣೆಯಲ್ಲಿ ಸಿಕ್ಕ ನಕಲಿ ಸರಕಿನ ರಾಶಿಯಲ್ಲಿ ಮದರ್ ತೆರೇಸಾ ಅವರ ಸಹಿಯುಳ್ಳ ಬೇಸ್‌ಬಾಲ್ ಚೆಂಡುಗಳೂ ಇದ್ದವು. ಆ ಜಾಲದ ನಕಲಿ ಸರಕುಗಳ ಜೊತೆ ಪ್ರಮಾಣಪತ್ರಗಳೂ ಮಾರುಕಟ್ಟೆಗೆ ಹೋಗುತ್ತಿದ್ದವು. ಆದ್ದರಿಂದ ಪ್ರಮಾಣಪತ್ರ ಕೊಟ್ಟವರು ಯಾರು, ಯಾವ ಆಧಾರದ ಮೇಲೆ ಕೊಟ್ಟರು ಎಂಬುದನ್ನೇ ಪರೀಕ್ಷಿಸಿ.

ಮಾರುವಾಗ

ಶಿರಸಿಯ ಅಡಿಕೆ ವ್ಯಾಪಾರದಲ್ಲಿ ರಾಶಿ, ಬೆಟ್ಟೆ, ಚಾಲಿ, ಕೋಕಾ ಎಂದು ಬೇರೆ ಬೇರೆ ವಿಂಗಡಿಸಿ ಇಡುತ್ತಾರೆ. ಚಾಲಿಯ ಚೀಲದಲ್ಲಿ ಕೀಳು ದರ್ಜೆಯ ಕೋಕಾ ಬೆರೆಸಿದ ಬೆಳೆಗಾರನ ಹೆಸರು ಒಂದೇ ಹಂಗಾಮಿನಲ್ಲಿ ಕೆಡುತ್ತದೆ. ಸಹಿಗಳನ್ನೂ ಹಾಗೆಯೇ ವಿಂಗಡಿಸಿ. ನಿಮ್ಮ ಕಣ್ಣೆದುರು ಹಾಕಿದ್ದು ಒಂದು ದರ್ಜೆ, ಅಂಚೆಯಲ್ಲಿ ಬಂದದ್ದು ಇನ್ನೊಂದು, ಇನ್ನೊಬ್ಬರಿಂದ ಕೊಂಡು ಕೈಬದಲಾವಣೆಯ ವಿವರ ತಿಳಿದಿರುವುದು ಮತ್ತೊಂದು, ಮೂಲವೇ ತಿಳಿಯದ್ದು ಕೊನೆಯದು. ಕೊಳ್ಳುವವರಿಗೆ ದರ್ಜೆಯನ್ನು ಬರವಣಿಗೆಯಲ್ಲಿ ಕೊಡಿ. ಕಲೆ, ಹರಿದ ಅಂಚು, ಹಚ್ಚಿದ ತೇಪೆ ಯಾವುದನ್ನೂ ಬಿಡದೆ ತಿಳಿಸಿ. ಅನುಮಾನ ಬಂದರೆ ಹಣ ಹಿಂದಿರುಗಿಸುತ್ತೇನೆಂದು ಬರೆದುಕೊಡಿ. ಮೂಲ ತಿಳಿಯದ್ದನ್ನು ನಾನು ಮಾರುವುದಿಲ್ಲ.

ಕಾನೂನಿನ ಮೂರು ಅಂಶಗಳನ್ನು ತಿಳಿದಿರಬೇಕು. ಮೊದಲನೆಯದು, ನಿಮಗೆ ಬಂದ ಪತ್ರದ ಕಾಗದ ನಿಮ್ಮದು, ಅದರೊಳಗಿನ ಬರವಣಿಗೆಯ ಹಕ್ಕು ಬರೆದವರದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಹಕ್ಕು ಲೇಖಕರ ಮರಣದ ನಂತರವೂ ಸಾಮಾನ್ಯವಾಗಿ 60 ವರ್ಷ ವಾರಸುದಾರರಲ್ಲಿ ಉಳಿಯುತ್ತದೆ. ಆದ್ದರಿಂದ ಮಾರಾಟದ ಜಾಹೀರಾತಿನಲ್ಲಿ ಇಡೀ ಪತ್ರವನ್ನು ಓದುವಂತೆ ಪ್ರಕಟಿಸಬೇಡಿ. ವಿಳಾಸ, ದೂರವಾಣಿ, ಚೆಕ್ಕಿನ ಖಾತೆ ಸಂಖ್ಯೆ, ಕಾಯಿಲೆಯ ಅಥವಾ ಮನೆಜಗಳದ ಸುದ್ದಿ ಇದ್ದರೆ ಮುಚ್ಚಿರಿ. ಎರಡನೆಯದು, ಅದೇ ಕಾಯ್ದೆಯಲ್ಲಿ ಸಾಹಿತ್ಯ, ನಾಟಕ, ಸಂಗೀತ ಕೃತಿಗಳ ಮೂಲ ಹಸ್ತಪ್ರತಿ 10,000 ರೂಪಾಯಿಗೂ ಮೀರಿದ ಬೆಲೆಗೆ ಮರುಮಾರಾಟವಾದಾಗ ಲೇಖಕರಿಗೆ ಅಥವಾ ಅವರ ವಾರಸುದಾರರಿಗೆ ಪಾಲು ಸಲ್ಲುವ ಅವಕಾಶವಿದೆ. ಆ ಪಾಲಿಗೆ ಶೇಕಡಾ 10ರ ಮಿತಿಯಿದೆ. ಇದು ಬರೀ ಸಹಿಗೆ ಅನ್ವಯಿಸುವುದಿಲ್ಲ. ಆದರೂ ಬಡತನದಲ್ಲಿರುವ ಕಲಾವಿದರ ಸಹಿ ಒಳ್ಳೆಯ ಬೆಲೆಗೆ ಹೋದಾಗ ಅದೇ ಪ್ರಮಾಣದ ಪಾಲನ್ನು ಅವರಿಗೆ ಮುಟ್ಟಿಸುವುದು ನ್ಯಾಯವೆಂದು ನಾನು ನಂಬಿದ್ದೇನೆ, ಹಾಗೆ ನಡೆದುಕೊಂಡಿದ್ದೇನೆ.

ಮೂರನೆಯದು ನಮ್ಮ ಜಿಲ್ಲೆಯವರಿಗೆ ಹೆಚ್ಚು ಮುಖ್ಯ. 1930ರ ಉಪ್ಪಿನ ಸತ್ಯಾಗ್ರಹ, ಅದರ ಬೆನ್ನಿಗೇ ಅಂಕೋಲಾ ಮತ್ತು ಸಿದ್ದಾಪುರ ಸೀಮೆಯಲ್ಲಿ ನಡೆದ ಕರನಿರಾಕರಣೆ ಇವುಗಳಿಗೆ ಸಂಬಂಧಿಸಿದ ಪತ್ರಗಳು, ಜೈಲಿನಿಂದ ಬರೆದ ಕಾರ್ಡುಗಳು ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಸಿಗುತ್ತವೆ. ಮನೆ ಕೆಡವುವಾಗ ರದ್ದಿಯ ಜೊತೆ ಹೊರಗೆ ಬೀಳುವುದೂ ಉಂಟು. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಲ್ಲಿ, ಐತಿಹಾಸಿಕ ಅಥವಾ ಸಾಹಿತ್ಯಿಕ ಮೌಲ್ಯವಿರುವ ಹಸ್ತಪ್ರತಿ ಮತ್ತು ದಾಖಲೆಗಳಿಗೆ 75 ವರ್ಷ ತುಂಬಿದರೆ ಅವು ಪ್ರಾಚೀನ ವಸ್ತುಗಳು. ಖಾಸಗಿ ವ್ಯಕ್ತಿಗಳು ಅವನ್ನು ಹೊರದೇಶಕ್ಕೆ ಕಳಿಸುವಂತಿಲ್ಲ, ಅವುಗಳ ವ್ಯಾಪಾರ ನಡೆಸಲು ಪರವಾನಗಿ ಬೇಕು. ಅಂತರ್ಜಾಲದಲ್ಲಿ ಲಂಡನ್ನಿನ ಗಿರಾಕಿ ಸಿಕ್ಕನೆಂದು ಅಂಥ ಪತ್ರವನ್ನು ಲಕೋಟೆಗೆ ಹಾಕಿ ಕಳಿಸಿದರೆ ಅದು ಅಪರಾಧ. ಕಾನೂನು ಇಲ್ಲದಿದ್ದರೂ ನಾನು ಬೇಡವೆನ್ನುತ್ತಿದ್ದೆ, ಏಕೆಂದರೆ ಮನೆಮಠ, ಜಮೀನು ಕಳೆದುಕೊಂಡ ರೈತರ ಹೋರಾಟದ ಸಾಕ್ಷಿ ಆ ಕಾಗದಗಳಲ್ಲಿದೆ. ಇಂಥವು ಕೈಗೆ ಬಂದರೆ ಮೊದಲು ಆ ಮನೆತನದವರನ್ನು ಹುಡುಕಿ ತೋರಿಸಿ, ನಂತರ ರಾಜ್ಯ ಪತ್ರಾಗಾರಕ್ಕೋ ವಿಶ್ವವಿದ್ಯಾಲಯದ ಹಸ್ತಪ್ರತಿ ವಿಭಾಗಕ್ಕೋ ತಿಳಿಸಿ. ಭಾಗವತರು ಕೈಯಿಂದ ಬರೆದಿಟ್ಟುಕೊಂಡ ಪ್ರಸಂಗ ಪುಸ್ತಕಗಳಿಗೂ ಇದೇ ಮಾತು. ಅವುಗಳಿಂದ ಸಹಿ ಇರುವ ಪುಟವೊಂದನ್ನೇ ಹರಿದು ಮಾರಿದವರನ್ನು ಕಂಡಿದ್ದೇನೆ, ಉಳಿದ ಪುಟಗಳು ಹೋದದ್ದು ಗುಜರಿಗೆ.

ಪ್ರಸಿದ್ಧರೊಬ್ಬರು ತೀರಿಕೊಂಡ ಸುದ್ದಿ ಬಂದ ಸಂಜೆಯೇ ಅವರ ಸಹಿಯನ್ನು ಮಾರಾಟಕ್ಕೆ ಇಡುವ ಆತುರ ಈಗ ಹೆಚ್ಚುತ್ತಿದೆ. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರ ಅಕ್ಟೋಬರಿನಲ್ಲಿ ಅಗಲಿದಾಗ ನನ್ನಲ್ಲಿದ್ದ ಅವರ ಸಹಿಗಳಿಗೆ ಬೇಡಿಕೆ ಬಂದಿತ್ತು. ಮನೆಯವರು ಸೂತಕದಲ್ಲಿರುವಾಗ ಬೆಲೆಯ ಮಾತು ಆಡಬಾರದು ಎಂಬುದು ನಮ್ಮ ಸೀಮೆಯಲ್ಲಿ ಯಾರೂ ಹೇಳಿಕೊಡಬೇಕಾದ ವಿಷಯವಲ್ಲ. ಹದಿಮೂರರ ಕಾರ್ಯ ಮುಗಿಯುವವರೆಗೆ ಕಡತವನ್ನು ತೆರೆಯದಿರಿ. ಸಾಧ್ಯವಾದರೆ ವರ್ಷಾಂತದವರೆಗೂ ಕಾಯಿರಿ.

ಕಾಪಾಡುವ ಹೊಣೆ

ನಮ್ಮ ಕರಾವಳಿಯ ಮಳೆಗಾಲ ಕಾಗದದ ದೊಡ್ಡ ಶತ್ರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವಾಗ ಬೂಷ್ಟು ಮತ್ತು ವರಲೆ ಎರಡೂ ಕಾದಿರುತ್ತವೆ. ಸಹಿಯಿರುವ ಕಾಗದವನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿ ಮತ್ತು ಅಂಟಿನಿಂದ ಆದ ಹಾನಿಯನ್ನು ಹಿಂದೆಗೆಯಲು ಬರುವುದಿಲ್ಲ. ಪಿವಿಸಿ ಹಾಳೆಯ ಆಲ್ಬಮ್ ತೇವದಲ್ಲಿ ಶಾಯಿಗೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಲಕೋಟೆ ಒಳ್ಳೆಯದು. ಉಕ್ಕಿನ ಕಪಾಟನ್ನು ಹೊರಗೋಡೆಯಿಂದ ಒಂದು ಗೇಣು ದೂರ ಸರಿಸಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು, ಅವು ತೇವ ಹೀರಿದಾಗ ಬಿಸಿಮಾಡಿ ಮತ್ತೆ ಬಳಸಿ. ಬಿಸಿಲು ಬೀಳುವ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ ಸಹಿ ಕೆಲವೇ ವರ್ಷಗಳಲ್ಲಿ ಮಸುಕಾಗುತ್ತದೆ, ಆದ್ದರಿಂದ ತೂಗುಹಾಕಲು ಬಣ್ಣದ ಪ್ರತಿ ಮಾಡಿಸಿಕೊಳ್ಳಿ.

ಕೊನೆಗೆ, ಒಂದು ದಪ್ಪ ರಟ್ಟಿನ ವಹಿ ಇಡಿ. ಪ್ರತಿ ಸಹಿಗೂ ಒಂದು ಸಂಖ್ಯೆ, ದಿನಾಂಕ, ಸ್ಥಳ, ಯಾರೆದುರು ಹಾಕಿದ್ದು, ಏನು ಹೇಳಿ ಕೇಳಿದ್ದು, ಮಾರಲು ಒಪ್ಪಿಗೆ ಇದೆಯೋ ಇಲ್ಲವೋ ಎಂಬುದನ್ನು ಅಂದೇ ಬರೆದುಕೊಳ್ಳಿ. ಅದೇ ಸಂಖ್ಯೆಯನ್ನು ಕಾಗದದ ಹಿಂಬದಿಯಲ್ಲಿ ಪೆನ್ಸಿಲಿನಿಂದ ತೆಳುವಾಗಿ ಗುರುತಿಸಿ. ಒಪ್ಪಿಗೆ ಇಲ್ಲದವುಗಳನ್ನು ಬೇರೆ ಕಡತದಲ್ಲಿ ಇಟ್ಟು, ನಿಮ್ಮ ನಂತರ ಅವು ಯಾರಿಗೆ ಸೇರಬೇಕು ಎಂಬುದನ್ನು ಅದರ ಮೊದಲ ಪುಟದಲ್ಲೇ ಬರೆದು, ಆ ವಹಿ ಎಲ್ಲಿದೆ ಎಂದು ಮನೆಯಲ್ಲಿ ಒಬ್ಬರಿಗಾದರೂ ತಿಳಿಸಿಡಿ.